ಎರಡು ಚೌಕದ ಉತ್ತರ

ಫೆಬ್ರವರಿ ೩, ಸೋಮವಾರ

ಇಂದಿನಿಂದ ದಿನಚರಿ ಬರೆಯುತ್ತೇನೆ. ಜನರ ನಡುವೆ ಕೆಲಸ ಮಾಡುವವರು ದಿನವೂ ತಮ್ಮನ್ನು ತಾವೇ ವಿಚಾರಣೆಗೆ ಒಳಪಡಿಸಿಕೊಳ್ಳಬೇಕು ಎಂದು ಏಳನೇ ಕಿರುಹೊತ್ತಿಗೆ ಹೇಳುತ್ತದೆ. ನನ್ನ ಬಿಸ್ಕತ್ತಿನ ಡಬ್ಬಿಯಲ್ಲಿ ಕ್ರಾಂತಿಯ ಕುರಿತ ಒಟ್ಟು ಹದಿನಾಲ್ಕು ಕಿರುಹೊತ್ತಿಗೆಗಳಿವೆ. ಎಲ್ಲವನ್ನೂ ಎರಡೆರಡು ಸಲ ಓದಿ, ಮುಖ್ಯವಾದ ಸಾಲುಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಹನ್ನೊಂದನೆಯದರಲ್ಲಿ ಗೆರೆ ಬೀಳದ ಸಾಲು ಎರಡೇ ಉಳಿದಿವೆ. ಅವು ಮುದ್ರಕರ ವಿಳಾಸ.

ಇವತ್ತು ಸಂಜೆಯ ತರಗತಿ ಶುರುವಾಯಿತು. ಹತ್ತನೇ ತರಗತಿಯಲ್ಲಿ ಫೇಲಾಗಿ, ಈಗ ಕೆಲಸ ಮಾಡುತ್ತಲೇ ಮತ್ತೆ ಪರೀಕ್ಷೆ ಕಟ್ಟುವ ದೊಡ್ಡವರಿಗಾಗಿ ನಡೆಯುವ ಉಚಿತ ತರಗತಿ. ಸಮಾಜ ವಿಜ್ಞಾನದ ಪಾಠಕ್ಕೆ ಯಾರೂ ಸಿಗದೆ ನಾನು ಒಪ್ಪಿಕೊಂಡೆ. ಜಾಗ ವಾಚನಾಲಯದ ಹಿಂದಿನ ಕೋಣೆ. ಅಲ್ಲಿ ಬೆಂಚುಗಳಿಲ್ಲ, ಒಂದು ಹಳೆಯ ಟೇಬಲ್ ಟೆನಿಸ್ ಮೇಜಿದೆ. ಆರು ವಿದ್ಯಾರ್ಥಿಗಳು ಅದರ ಸುತ್ತ ಕೂರುತ್ತಾರೆ. ಬಲೆ ಇಲ್ಲ, ಬಲೆ ಕಟ್ಟುವ ಕಬ್ಬಿಣದ ಕೊಕ್ಕೆಗಳು ಮಾತ್ರ ಇವೆ. ಆರು ಜನರಲ್ಲಿ ಒಬ್ಬನಾದ ದರ್ಜಿ ಅದಕ್ಕೆ ತನ್ನ ಚೀಲ ನೇತುಹಾಕುತ್ತಾನೆ.

ತರಗತಿ ನಡೆಸುವ ನಿವೃತ್ತ ಹೆಡ್‌ಮಾಸ್ತರು ರಿಜಿಸ್ಟರ್ ತೆರೆದು ಕೇಳಿದರು. "ಮುಂಚೆ ಎಲ್ಲಾದ್ರೂ ಪಾಠ ಮಾಡಿದ್ದೀರೇನಮ್ಮ?"

ಅನುಭವ ಎಂಬ ಮಾತನ್ನು ಯಾರು, ಯಾರ ಹಿತಕ್ಕಾಗಿ ಹುಟ್ಟುಹಾಕಿದರು ಎಂಬುದನ್ನು ನಾನು ಬುಡದಿಂದ ತೆಗೆದುಕೊಂಡೆ. ಇಪ್ಪತ್ತು ನಿಮಿಷವಾದ ಮೇಲೆ ಅವರು, "ಸರಿ, 'ಇಲ್ಲ' ಅಂತ ಬರ್ಕೋತೀನಿ" ಎಂದರು.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಿಂದಲೇ, "ಊಟಕ್ಕೆ ಬರ್ತೀಯಾ?" ಎಂದು ಕೇಳಿದಳು. ಜಗತ್ತಿನಲ್ಲಿ ಈ ಹೊತ್ತಿಗೆ ಎಷ್ಟು ಜನ ಉಣ್ಣದೆ ಕೂತಿದ್ದಾರೆ ಎಂದು ಹೇಳಿದೆ. ಅವಳು ನನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಮಲಗಲು ಹೋದಳು.

ಫೆಬ್ರವರಿ ೫, ಬುಧವಾರ

ನನ್ನ ಆರು ಜನರಲ್ಲಿ ಒಬ್ಬಳು ನನ್ನ ಸ್ವಂತ ಚಿಕ್ಕಮ್ಮ. ಅಮ್ಮನ ತಂಗಿ. ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇರುತ್ತಾಳೆ. ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಆಯಾ. ಬಕೆಟ್ಟು ಹೊತ್ತು, ನೆಲ ಒರೆಸಿ, ರೋಗಿಗಳನ್ನು ಎತ್ತಿ ಕೂರಿಸಿ ಅವಳ ಎರಡೂ ಮೊಣಕಾಲು ಹೋಗಿವೆ. ಈ ವರ್ಷ ಆಸ್ಪತ್ರೆಯ ಬಟ್ಟೆ ಉಗ್ರಾಣ ನೋಡಿಕೊಳ್ಳುವ ಹುದ್ದೆ ಖಾಲಿಯಾಗುತ್ತದೆ. ಹಾಸಿಗೆ ಬಟ್ಟೆ ಎಣಿಸಿ ಕೊಡುವುದು, ಎಣಿಸಿ ತೆಗೆದುಕೊಳ್ಳುವುದು. ಕೂತು ಮಾಡುವ ಕೆಲಸ. ಆದರೆ ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು ನಲವತ್ತೈದು ದಾಟಿರಬಾರದು. ಚಿಕ್ಕಮ್ಮನಿಗೆ ಈಗ ನಲವತ್ತನಾಲ್ಕೂವರೆ. ಅಂದರೆ ಇದೇ ಕೊನೆಯ ಪರೀಕ್ಷೆ. ಸಮಾಜ ವಿಜ್ಞಾನ ಒಂದೇ ಬಾಕಿ. ಎರಡು ಸಲ ಬರೆದಿದ್ದಾಳೆ: ಒಮ್ಮೆ ಇಪ್ಪತ್ತೆಂಟು, ಒಮ್ಮೆ ಮೂವತ್ತೊಂದು. ಬೇಕಿದ್ದದ್ದು ಮೂವತ್ತೈದು.

ಅವಳ ಹಿಂದಿನ ಉತ್ತರಪತ್ರಿಕೆಯ ಪ್ರತಿ ಇವತ್ತು ನೋಡಿದೆ. "ಪ್ರವಾಹಕ್ಕೆ ಎರಡು ಕಾರಣಗಳನ್ನು ಹೆಸರಿಸಿ" ಎಂಬ ಪ್ರಶ್ನೆಗೆ ಎರಡು ಪುಟ ಬರೆದಿದ್ದಾಳೆ. ಆಸ್ಪತ್ರೆಯ ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ ತಾನು ಎಷ್ಟು ಹಾಸಿಗೆಗಳನ್ನು ಮಹಡಿಗೆ ಸಾಗಿಸಿದೆ, ಯಾರು ಸಹಾಯಕ್ಕೆ ಬಂದರು, ಯಾರು ಬರಲಿಲ್ಲ, ಎಲ್ಲ ಇದೆ. ಎರಡಕ್ಕೆ ಅರ್ಧ ಅಂಕ. ಐದು ಅಂಕದ ಇನ್ನೊಂದು ಪ್ರಶ್ನೆ, "ಹಳ್ಳಿ ಮತ್ತು ನಗರದ ನೀರಿನ ಬಳಕೆಯನ್ನು ಹೋಲಿಸಿ". ಅದಕ್ಕೆ ಅವಳ ಪೂರ್ತಿ ಉತ್ತರ: "ಎರಡೂ ಕಡೆ ಕಷ್ಟ."

"ಚಿಕ್ಕಮ್ಮ, ಇದು ಅನ್ಯಾಯ. ನಿನ್ನ ಅನುಭವವನ್ನ ಅವರು ಅರ್ಧ ಅಂಕಕ್ಕೆ ತೂಗಿದ್ದಾರೆ" ಎಂದೆ.

"ಅನ್ಯಾಯ ಆಮೇಲೆ ನೋಡ್ಕೊಳ್ಳೋಣ ಕಣೆ. ಅವರಿಗೆ ಏನು ಬೇಕಿತ್ತು ಹೇಳು."

'ಅವರು' ಎಂದರೆ ಯಾರು ಎಂಬಲ್ಲಿಂದ ಆರಂಭಿಸಿದೆ. ನಾನು ಮುಗಿಸುವಷ್ಟರಲ್ಲಿ ಅವಳು ಒಂದು ಬುಟ್ಟಿ ಬಟ್ಟೆ ಮಡಚಿ ಮುಗಿಸಿದ್ದಳು.

ಫೆಬ್ರವರಿ ೧೧, ಮಂಗಳವಾರ

ಮಣ್ಣಿನ ಸವಕಳಿಯ ಪಾಠದ ನಡುವೆ, ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಾದ ಬಸ್ ಕಂಡಕ್ಟರ್ ಮೇಜಿನ ಕೆಳಗೆ ಏನೋ ಬರೆಯುತ್ತಿದ್ದ. ಹೋಗಿ ಕಿತ್ತುಕೊಂಡೆ. ಪತ್ರಿಕೆಯ ಪದಬಂಧ.

"ಬಸ್ಸಲ್ಲಿ ಅಭ್ಯಾಸ ಆಗ್ಬಿಟ್ಟಿದೆ ಮಿಸ್ಸು. ಟ್ರಿಪ್ಪಿಗೆ ಎರಡು ಸುಳಿವು" ಎಂದ, ತಪ್ಪಿತಸ್ಥನಂತೆ. ಅವನಿಗೆ ಐವತ್ತೊಂದು ವರ್ಷ. ನಿವೃತ್ತಿಯ ಮುಂಚೆ ಒಮ್ಮೆಯಾದರೂ ಪಾಸಾಗಿ ಮಗಳಿಗೆ ತೋರಿಸಬೇಕಂತೆ.

ಮನೆಗೆ ಬಂದು ಆ ಪದಬಂಧವನ್ನು ಬಿಡಿಸಿ ನೋಡಿದೆ. ಇದೇ ಮನುಷ್ಯ ನನ್ನ ಪರೀಕ್ಷೆಯಲ್ಲಿ "ಎರಡು ನದಿಗಳನ್ನು ಗುರುತಿಸಿ" ಎಂದರೆ ಒಂದು ಪುಟ ಬರೆಯುತ್ತಾನೆ. ಇಲ್ಲಿ ಮಾತ್ರ ಮೂರು ಚೌಕ ಇದ್ದರೆ ಮೂರೇ ಅಕ್ಷರ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಸುಳಿವು ಏನು ಕೇಳಿದೆಯೋ ಅದನ್ನಷ್ಟೇ ಕೊಟ್ಟಿದ್ದಾನೆ.

ಇವರಿಗೆ ಪಾಠ ಗೊತ್ತಿದೆ. ಪ್ರಶ್ನೆಯ ಕೊನೆಯಲ್ಲಿ ನಿಂತು ಅಪ್ಪಣೆ ಕೊಡುವ ಆ ಒಂದು ಪದ ಗೊತ್ತಿಲ್ಲ. ಹೆಸರಿಸಿ, ಹೋಲಿಸಿ, ವಿವರಿಸಿ, ಚರ್ಚಿಸಿ, ಸಮರ್ಥಿಸಿ, ಪಟ್ಟಿಮಾಡಿ. ಆರು ಜನಕ್ಕೂ ಎಲ್ಲವೂ ಒಂದೇ: "ಗೊತ್ತಿರೋದನ್ನ ಬರೀರಿ."

ಅಪ್ಪಣೆಯ ಪದಗಳನ್ನು ಕಲಿಸುವುದೆಂದರೆ ಅಪ್ಪಣೆ ಪಾಲಿಸಲು ಕಲಿಸಿದಂತಲ್ಲವೇ? ಬಹಳ ಹೊತ್ತು ಯೋಚಿಸಿದೆ. ಶತ್ರುವಿನ ಭಾಷೆ ಕಲಿಯುವುದು ತಪ್ಪಲ್ಲ ಎಂದು ಮೂರನೇ ಕಿರುಹೊತ್ತಿಗೆಯಲ್ಲಿದೆ. ನಾಳೆಯೇ ಪದಬಂಧ ರಚಿಸುತ್ತೇನೆ.

ಫೆಬ್ರವರಿ ೧೩, ಗುರುವಾರ

ಸೋಲು.

ಪದಬಂಧವೇನೋ ಚೆನ್ನಾಗಿತ್ತು. ಸುಳಿವುಗಳಲ್ಲಿ ಜನಜಾಗೃತಿಯನ್ನೂ ಸೇರಿಸಿದ್ದೆ. ಮೊದಲ ತೊಂದರೆ: ಈ ಪದಗಳಲ್ಲಿ ಹೆಚ್ಚಿನವು 'ಸಿ' ಎಂದೇ ಮುಗಿಯುತ್ತವೆ. ಹಾಳೆ ಕೈಗೆ ಬಂದ ಅರ್ಧ ನಿಮಿಷದಲ್ಲಿ ಆರು ಜನರೂ ಎಲ್ಲ ಕೊನೆಯ ಚೌಕಗಳಲ್ಲಿ 'ಸಿ' ಬರೆದು, ಅರ್ಧ ಗೆದ್ದವರಂತೆ ಬೆನ್ನು ಒರಗಿಸಿದರು.

ಎಡದಿಂದ ಬಲಕ್ಕೆ ಒಂದು, "ಆಳುವವರು ನಮ್ಮನ್ನು ಎಂದೂ ಮಾಡಲು ಬಿಡದ ಕೆಲಸ, ನಾಲ್ಕು ಚೌಕ." ನನ್ನ ಉತ್ತರ 'ವಿಮರ್ಶಿಸಿ'. ದರ್ಜಿ ಬರೆದದ್ದು 'ವಿಶ್ರಮಿಸಿ'.

ಎಡದಿಂದ ಬಲಕ್ಕೆ ಐದು, "ದುಡಿಯುವವರ ಮೊದಲ ಅಸ್ತ್ರ, ಮೂರು ಚೌಕ." ನನ್ನ ಉತ್ತರ 'ಚರ್ಚಿಸಿ'. ಚಿಕ್ಕಮ್ಮ ಬರೆದದ್ದು 'ಒರೆಸಿ'.

ಮೇಲಿನಿಂದ ಕೆಳಕ್ಕೆ ಎರಡು, "ಅರಮನೆ ಒಂದು ಕಡೆ, ಜೋಪಡಿ ಒಂದು ಕಡೆ, ಈಗ ಏನು ಮಾಡುವಿರಿ, ಮೂರು ಚೌಕ." ಉತ್ತರ 'ಹೋಲಿಸಿ'. ಕಂಡಕ್ಟರ್ ಬರೆದದ್ದು 'ಇಳಿಸಿ'.

"ಎರಡೂ ಸ್ಟಾಪಲ್ಲಿ ಇಳಿಸ್ಬೇಕಲ್ವಾ ಮಿಸ್ಸು?" ಎಂದ. "ಅರಮನೇಲಿ ಇಳಿಯೋರು ಕಮ್ಮಿ, ಆದ್ರೂ ನಿಲ್ಲಿಸ್ಬೇಕು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮನೆಯಲ್ಲಿ ಅಮ್ಮ, "ಯಾಕೆ ಮುಖ ಊದಿದೆ?" ಎಂದಳು. ವಿವರವಾಗಿ ಹೇಳಿದೆ. "ಹಲ್ಲುನೋವಾ ಅಂತ ಕೇಳಿದ್ದು" ಎಂದಳು.

ಫೆಬ್ರವರಿ ೧೮, ಮಂಗಳವಾರ

ಇಂದು ಸುಳಿವುಗಳನ್ನು ಅವರೇ ಬರೆದರು. ಇದು ನನ್ನ ಯೋಜನೆಯಾಗಿರಲಿಲ್ಲ. ಹೊಸ ಪದಬಂಧದ ಸುಳಿವುಗಳನ್ನು ಓದಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಚಿಕ್ಕಮ್ಮ, "ಭಾಷಣದಮ್ಮ, ಒಂದು ನಿಮಿಷ ಸುಮ್ನಿರು. ಈ ಪದಕ್ಕೆ ಅರ್ಥ ಹೇಳು, ಸುಳಿವು ನಾವು ಹೇಳ್ತೀವಿ" ಎಂದಳು. ತರಗತಿಯಲ್ಲಿ ಹಾಗೆ ಕರೆಯಬೇಡ ಎಂದು ಎಷ್ಟು ಸಲ ಹೇಳಿದ್ದೇನೆ.

'ಹೋಲಿಸಿ' ಎಂದರೆ ಎರಡು ವಸ್ತುಗಳಲ್ಲಿ ಸಮಾನವಾದದ್ದನ್ನೂ ಬೇರೆಯಾದದ್ದನ್ನೂ ಹೇಳುವುದು ಎಂದೆ. ದರ್ಜಿ ಚೀಲದಿಂದ ಅರ್ಧ ಹೊಲಿದ ಅಂಗಿ ತೆಗೆದ. ಎರಡು ತೋಳುಗಳನ್ನು ಮೇಜಿನ ನಡುಗೆರೆಯ ಈಚೆಗೊಂದು ಆಚೆಗೊಂದು ಹಾಸಿದ. "ಇಷ್ಟೇ ತಾನೇ? ಎಲ್ಲಿ ಸಮ ಇದೆ ಅಂತಾನೂ ನೋಡ್ಬೇಕು, ಎಲ್ಲಿ ಮೋಟು ಅಂತಾನೂ ನೋಡ್ಬೇಕು. ಒಂದೇ ತೋಳು ನೋಡಿ ಹೇಳಿದ್ರೆ ಗಿರಾಕಿ ಬೈತಾನೆ."

ಅವರ ಸುಳಿವುಗಳನ್ನು ಇಲ್ಲಿ ಬರೆದಿಡುತ್ತೇನೆ.

ಕಂಡಕ್ಟರನದು: "ಸ್ಟಾಪಿನ ಹೆಸರು ಕೂಗು. ಆ ಸ್ಟಾಪಿನ ಕಥೆ ಬೇಡ." ಹೆಸರಿಸಿ.

ಅವನದೇ ಇನ್ನೊಂದು: "ಪಾಸ್ ಇದೆ ಅಂದ್ರೆ ಸಾಲದು, ತೆಗೆದು ತೋರಿಸು." ಸಮರ್ಥಿಸಿ.

ಚಿಕ್ಕಮ್ಮನದು: "ರೋಗಿ ಕಡೆಯವರು ಕೇಳಿದಾಗ, ಮೊದಲಿಂದ ಕೊನೆ ತನಕ, ಅವರಿಗೆ ಅರ್ಥ ಆಗೋ ಹಾಗೆ." ವಿವರಿಸಿ.

ಅವಳದೇ: "ಪಾಳಿ ಮುಗಿದಾಗ ಮುಂದಿನವಳಿಗೆ ಹೇಳೋದು. ಎಂಟು ಗಂಟೆ ನಡೆದದ್ದು, ನಾಲ್ಕು ಮಾತಲ್ಲಿ." ಸಂಕ್ಷೇಪಿಸಿ.

ಎಲ್ಲ ಚೌಕ ತುಂಬಿದವು. ಅವರ ಸುಳಿವುಗಳಲ್ಲಿ ಜನಜಾಗೃತಿ ಏನೇನೂ ಇಲ್ಲ. ಆದರೂ ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು ನೋಡಿ, "ಇದು ನಿಮ್ಮದೇ ಯೋಚನೆನಾ?" ಎಂದಾಗ "ಹೌದು" ಎಂದೆ. ಅರ್ಧ ಸುಳ್ಳು. ವಿಚಾರಣೆಯಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಮಾರ್ಚ್ ೧, ಶನಿವಾರ

ನಮ್ಮ ಅಧ್ಯಯನ ಬಳಗದ ಸಭೆ. ಬಳಗದಲ್ಲಿ ಇಬ್ಬರು ಸದಸ್ಯರು: ನಾನು ಮತ್ತು ಕನ್ನಡಕ. ಅವನಿಗೆ ನಾನಿಟ್ಟ ಹೆಸರು ಅದು. ಮಾತಿಗೆ ಮುಂಚೆ ಕನ್ನಡಕ ತೆಗೆದು ಒರೆಸುತ್ತಾನೆ, ಒರೆಸಿ ಮುಗಿಯುವಷ್ಟರಲ್ಲಿ ನಾನು ಮಾತಾಡಿರುತ್ತೇನೆ. ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಪರೀಕ್ಷೆ ಎಂಬುದು ಒಂದು ಜರಡಿ, ಆದ್ದರಿಂದ ಪರೀಕ್ಷೆಯ ದಿನ ಕೇಂದ್ರದ ಗೇಟಿನಲ್ಲಿ ಬಹಿಷ್ಕಾರದ ಕರಪತ್ರ ಹಂಚುವುದು. ಕರಪತ್ರ ಬರೆಯುವವಳು ನಾನು, ಜೆರಾಕ್ಸ್ ಮಾಡಿಸುವವನು ಅವನು.

"ನಿನ್ನ ಚಿಕ್ಕಮ್ಮನೂ ಅದೇ ಪರೀಕ್ಷೆ ಬರೀತಾರಲ್ವಾ?" ಎಂದು ಕೇಳಿದ.

ಸಿದ್ಧಾಂತಕ್ಕೆ ಚಿಕ್ಕಮ್ಮ ಇರುವುದಿಲ್ಲ ಎಂದೆ. ಅವನು ಕನ್ನಡಕ ಒರೆಸಿದ.

ಮಾರ್ಚ್ ೬, ಗುರುವಾರ

ಕನ್ನಡಕ ಇನ್ನೂರು ಪ್ರತಿ ತಂದ. "ಪರೀಕ್ಷೆಯನ್ನು ಬಹಿಷ್ಕರಿಸಿ" ಎಂದು ದಪ್ಪಕ್ಷರದ ತಲೆಬರಹ. ಅದರ ಕೆಳಗೆ ದಿನಾಂಕ: ಏಪ್ರಿಲ್ ೩೧.

ಪರೀಕ್ಷೆ ಇಪ್ಪತ್ತೊಂದಕ್ಕೆ. ಏಪ್ರಿಲ್‌ನಲ್ಲಿ ಮೂವತ್ತೊಂದನೇ ತಾರೀಖು ಇಲ್ಲ ಎಂದು ಹೇಳಿದೆ. "ನೀನೇ ಬರೆದು ಕೊಟ್ಟಿದ್ದು" ಎಂದು ಮೂಲ ಪ್ರತಿ ತೋರಿಸಿದ. ನನ್ನ 'ಎರಡು' ಆವೇಶದಲ್ಲಿ 'ಮೂರು' ಆಗಿದೆ.

ಕಾಗದ ವ್ಯರ್ಥ ಮಾಡುವುದು ನಾಲ್ಕನೇ ಕಿರುಹೊತ್ತಿಗೆಗೆ ವಿರುದ್ಧ. ಇನ್ನು ಮುಂದೆ ಪದಬಂಧಗಳನ್ನು ಈ ಹಾಳೆಗಳ ಹಿಂಬದಿಯಲ್ಲಿ ಬರೆಯುತ್ತೇನೆ.

ಮಾರ್ಚ್ ೧೨, ಬುಧವಾರ

ಚಿಕ್ಕಮ್ಮ ಪದಬಂಧ ಮುಗಿಸಿ, ಹಾಳೆ ತಿರುಗಿಸಿ, ಕರಪತ್ರ ಓದಿದಳು. ಪೂರ್ತಿ ಓದಿದಳು. ಆಮೇಲೆ ನನ್ನ ಕೆಂಪು ಪೆನ್ಸಿಲ್ ಕೇಳಿದಳು.

"ಇಲ್ಲಿ 'ಖಂಡಿಸಿ' ಅಂತ ಬರೆದಿದ್ದೀಯ. ಯಾಕೆ ಖಂಡಿಸ್ಬೇಕು ಅಂತ ಕಾರಣ ಕೊಟ್ಟಿಲ್ಲ. ಇಲ್ಲಿ 'ಇಂದಿನ ಶಿಕ್ಷಣವನ್ನು ನಾಳಿನ ಶಿಕ್ಷಣದೊಂದಿಗೆ ಹೋಲಿಸಿ ನೋಡಿ' ಅಂತೀಯ. ನಾಳಿಂದು ಒಂದೇ ಒಂದು ಸಾಲು ಇದೆ. ಒಂದು ತೋಳಿನ ಅಂಗಿ ಇದು."

"ಚಿಕ್ಕಮ್ಮ, ಅದು ಕರಪತ್ರ."

"ಇರಲಿ. ಪರೀಕ್ಷೆ ಬಿಡಿ ಅಂತೀಯಲ್ಲ, ಬಿಟ್ಟು ನಾನು ಏನು ಮಾಡ್ಲಿ ಅಂತ ಎಲ್ಲಿದೆ?"

ತಿರುಗಿಸಿ ತಿರುಗಿಸಿ ನೋಡಿದೆ. ಇರಲಿಲ್ಲ.

ಅವಳು ಮೂಲೆಯಲ್ಲಿ ಅಂಕ ಹಾಕಿದಳು. ಐದಕ್ಕೆ ಒಂದೂವರೆ. "ಅಕ್ಷರ ಚೆನ್ನಾಗಿದೆ, ಅದಕ್ಕೆ ಅರ್ಧ" ಎಂದಳು.

ಮಾರ್ಚ್ ೧೩, ಗುರುವಾರ

ಐದಕ್ಕೆ ಒಂದೂವರೆ.

ಮಾರ್ಚ್ ೨೭, ಗುರುವಾರ

ಎರಡು ವಾರದಿಂದ ದಿನಕ್ಕೊಂದು ಪದಬಂಧ. ಯಾವ ಪದಕ್ಕೆ ಎಷ್ಟು ಉತ್ತರ ಎಂಬುದು ಆರು ಜನಕ್ಕೂ ನಾಲಿಗೆಯ ತುದಿಯಲ್ಲಿದೆ. ಅದೇ ಧೈರ್ಯದಲ್ಲಿ ಇವತ್ತು ಮಾದರಿ ಪರೀಕ್ಷೆ ಕೊಟ್ಟೆ. ಐವತ್ತು ಅಂಕ, ಒಂದೂವರೆ ಗಂಟೆ.

ಅತಿ ಹೆಚ್ಚು ಅಂಕ ಹನ್ನೊಂದು.

ದರ್ಜಿ ಪ್ರತಿ ಪ್ರಶ್ನೆಯ ಅಪ್ಪಣೆಯ ಪದಕ್ಕೂ ಅಡ್ಡಪಟ್ಟಿ ಹಿಡಿದು ಗೆರೆ ಎಳೆದಿದ್ದಾನೆ, ಪಕ್ಕದಲ್ಲಿ ಅದರ ಸುಳಿವು ಬರೆದಿದ್ದಾನೆ, ಸುಳಿವಿನ ಮುಂದೆ ಅಚ್ಚುಕಟ್ಟಾಗಿ ಚೌಕ ಹಾಕಿ ಪದವನ್ನು ತುಂಬಿಸಿದ್ದಾನೆ. ಉತ್ತರ ಬರೆಯುವ ಹೊತ್ತಿಗೆ ಸಮಯ ಮುಗಿದಿದೆ. ಉಳಿದವರೂ ಹೆಚ್ಚು ಕಡಿಮೆ ಹಾಗೆಯೇ. ಪ್ರಶ್ನೆ ಏನು ಕೇಳುತ್ತಿದೆ ಎಂಬುದನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಆರು ಜನ ಬೇರೆ ಎಲ್ಲೂ ಸಿಗಲಾರರು. ಉತ್ತರ ಮಾತ್ರ ಇಲ್ಲ.

ಚಿಕ್ಕಮ್ಮನಿಗೆ ಒಂಬತ್ತು. ವಾಚನಾಲಯದ ಮೆಟ್ಟಿಲು ಇಳಿಯುವಾಗ ಅವಳು ಗೋಡೆ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರಿ, ಅಡ್ಡಡ್ಡ ಇಳಿದಳು. ನಾನು ಕೈ ಕೊಟ್ಟೆ.

"ಆ ಉಗ್ರಾಣದಲ್ಲಿ ಕಿಟಕಿ ಇದೆ ಕಣೆ" ಎಂದಳು ಕೆಳಗೆ ಬಂದ ಮೇಲೆ. "ಕಿಟಕಿ ಪಕ್ಕ ಕುರ್ಚಿ. ಹತ್ತೊಂಬತ್ತು ವರ್ಷದಲ್ಲಿ ಆ ಕುರ್ಚಿ ಕೆಳಗೆ ಎಷ್ಟು ಸಲ ಒರೆಸಿದ್ದೀನೋ. ಒಂದು ಸಲಾನೂ ಕೂತಿಲ್ಲ."

ಅದಕ್ಕೆ ಹೇಳಬಹುದಾದ ಮಾತು ಆರನೇ ಕಿರುಹೊತ್ತಿಗೆಯಲ್ಲಿದೆ. ನೆನಪಿಗೆ ಬರಲಿಲ್ಲ.

ಮಾರ್ಚ್ ೨೯, ಶನಿವಾರ

ಎಲ್ಲಿ ಎಡವಿದೆವು ಎಂದು ಅವರನ್ನೇ ಕೇಳಿದೆ. ಕಂಡಕ್ಟರ್ ತಲೆ ಕೆರೆದುಕೊಂಡು, "ಮಿಸ್ಸು, ನಾವೆಲ್ಲ ಬೋರ್ಡು ಓದ್ತಾ ನಿಂತ್ವಿ, ಬಸ್ಸು ಹತ್ತಲೇ ಇಲ್ಲ" ಎಂದ. ನಂತರ ಜೇಬಿನಿಂದ ಸೀಟಿ ತೆಗೆದ.

ಹೊಸ ಕ್ರಮ ಅವನದು. ಒಂದು ಅಂಕಕ್ಕೆ ಒಂದು ಸ್ಟಾಪು, ಅಂದರೆ ಒಂದು ಸಾಲು. ಎರಡು ಅಂಕಕ್ಕೆ ಎರಡು. ಒಂದು ಸೀಟಿ ಊದಿದರೆ ಅಪ್ಪಣೆಯ ಪದ ಓದಿ, ಬರೆಯಲು ಶುರು. ಎರಡು ಸೀಟಿ ಊದಿದರೆ ಮುಂದಿನ ಪ್ರಶ್ನೆಗೆ ಹೊರಡಬೇಕು. "ನಡುವೆ ಇಳಿದು ಟೀ ಕುಡಿಯೋ ಹಾಗಿಲ್ಲ. ಅಕ್ಕಾ, ನಿಮಗೇ ಹೇಳ್ತಿರೋದು."

"ನಾನು ಎಲ್ಲಪ್ಪ ಇಳಿದೆ?" ಎಂದಳು ಚಿಕ್ಕಮ್ಮ.

"ಪ್ರವಾಹದಲ್ಲಿ ಇಳಿದ್ರಲ್ಲ, ಹಾಸಿಗೆ ಸಾಗಿಸೋಕೆ. ಎರಡು ಪುಟ ಆದ್ರೂ ವಾಪಸ್ ಬರ್ಲಿಲ್ಲ."

ಮೇಜು ಬಡಿದು ನಕ್ಕರು. ನಾನೂ. ಮುಂಭಾಗದ ಓದುಗರು ಸೀಟಿ ಸದ್ದಿಗೆ ದೂರು ಕೊಟ್ಟಿದ್ದಾರೆ. ಹೆಡ್‌ಮಾಸ್ತರು ದೂರನ್ನು ಓದಿ, ಮಡಚಿ, ಅಲುಗಾಡುವ ಮೇಜಿನ ಕಾಲಿನ ಕೆಳಗೆ ಇಟ್ಟರು.

ಏಪ್ರಿಲ್ ೮, ಮಂಗಳವಾರ

ಎರಡನೇ ಮಾದರಿ ಪರೀಕ್ಷೆ. ಚಿಕ್ಕಮ್ಮನಿಗೆ ಐವತ್ತಕ್ಕೆ ಇಪ್ಪತ್ತೆರಡು. ಪ್ರವಾಹಕ್ಕೆ ಎರಡು ಕಾರಣ, ಎರಡು ಸಾಲು. ಕೊನೆಯಲ್ಲಿ ಆವರಣದೊಳಗೆ ಬರೆದಿದ್ದಾಳೆ: (ಹಾಸಿಗೆ ವಿಷಯ ಕೇಳಿಲ್ಲ).

ಅಮ್ಮ ಊಟಕ್ಕೆ ಬರ್ತೀಯಾ ಎಂದು ಕೇಳಿದಳು. "ಬಂದೆ" ಎಂದೆ. ಅವಳು ಕೋಣೆಯೊಳಗೆ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಯಾಕೋ ಗೊತ್ತಿಲ್ಲ. ನನಗೆ ಜ್ವರವಿಲ್ಲ.

ಏಪ್ರಿಲ್ ೧೪, ಸೋಮವಾರ

ಕನ್ನಡಕ ಸರಿಯಾದ ತಾರೀಖಿನ ಹೊಸ ಕರಪತ್ರಗಳೊಂದಿಗೆ ಬಂದ. ಈ ಸಲದ ಪರೀಕ್ಷೆಗೆ ಹಂಚುವುದು ಬೇಡ ಎಂದೆ.

"ಯಾಕೆ?"

"ಬಿಟ್ಟು ಏನು ಮಾಡ್ಬೇಕು ಅಂತ ಅದರಲ್ಲಿ ಇಲ್ಲ."

ಅವನು ಬಹಳ ಹೊತ್ತು ಕನ್ನಡಕ ಒರೆಸಿದ. ನಾನು ನಡುವೆ ಮಾತಾಡದೆ ಕಾಯುತ್ತಿದ್ದದ್ದು ನೋಡಿ ಗಾಬರಿಯಾಗಿ ಮತ್ತೆ ಒರೆಸಿದ. ಕೊನೆಗೆ, "ನಿರ್ಣಯ ನಿರ್ಣಯವೇ. ನೀನು ಬರದಿದ್ರೆ ನಾನೊಬ್ಬನೇ ಹತ್ತು ಗಂಟೆಗೆ ಗೇಟಲ್ಲಿ ಇರ್ತೀನಿ" ಎಂದ. ಬಳಗ ಮೊದಲ ಬಾರಿ ಒಡೆದಿದೆ. ಒಂದಕ್ಕೆ ಒಂದು ಮತ.

ನನ್ನದು ತಾತ್ಕಾಲಿಕ ಹಿನ್ನಡೆ, ತಂತ್ರದ ದೃಷ್ಟಿಯಿಂದ. ನಿಲುವು ಬದಲಾಗಿಲ್ಲ.

ಏಪ್ರಿಲ್ ೨೦, ಭಾನುವಾರ

ಚಿಕ್ಕಮ್ಮ ಎರಡು ಪೆನ್ನು, ಪ್ರವೇಶಪತ್ರ, ಮೊಣಕಾಲಿಗೆ ಕಟ್ಟುವ ಪಟ್ಟಿ ತೆಗೆದಿಟ್ಟಿದ್ದಾಳೆ. ಸಂಜೆ ಆರಕ್ಕೇ ಮಲಗಿದಳು. ನಿದ್ದೆ ಬಂದಿಲ್ಲ. ಮುಂದಿನ ಕೋಣೆಯಿಂದ ಮೆಲ್ಲಗೆ ಬಾಯಲ್ಲೇ ಸೀಟಿ ಊದುವುದು ಕೇಳಿಸುತ್ತಿದೆ. ಒಂದು. ಎರಡು.

ಏಪ್ರಿಲ್ ೨೧, ಸೋಮವಾರ

ಬರೆಯಬೇಕಾದದ್ದು ಬಹಳವಿದೆ. ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತೂವರೆಗೆ ಆರು ಜನರೂ ಕೇಂದ್ರದ ಗೇಟಿನ ಬಳಿ ಸೇರಿದರು. ಎಲ್ಲರ ಕೈಯಲ್ಲೂ ಹಳೆಯ ಪದಬಂಧಗಳು, ಕೊನೆಯ ಗಳಿಗೆಯಲ್ಲಿ ಒಮ್ಮೆ ಕಣ್ಣಾಡಿಸಲು. ನಾನು ರಸ್ತೆಯ ಆಚೆ ನಿಂತಿದ್ದೆ. ಹತ್ತಕ್ಕೆ ಗೇಟು ಮುಚ್ಚುತ್ತದೆ, ಮುಚ್ಚಿದ ಮೇಲೆ ಯಾರನ್ನೂ ಬಿಡುವುದಿಲ್ಲ.

ಗೇಟಿನ ಕಾವಲುಗಾರ ಎಲ್ಲರಿಂದ ಕಾಗದ ತೆಗೆದುಕೊಳ್ಳುತ್ತಿದ್ದ. ದರ್ಜಿಯ ಹಾಳೆ ತೆಗೆದುಕೊಂಡ, ತಿರುಗಿಸಿದ, ನಿಂತ. ಚಿಕ್ಕಮ್ಮನದು ತಿರುಗಿಸಿದ. ಕಂಡಕ್ಟರನದು. ಆರಕ್ಕೆ ಆರೂ "ಪರೀಕ್ಷೆಯನ್ನು ಬಹಿಷ್ಕರಿಸಿ". ಆರು ಜನರನ್ನೂ ಸಾಲಿನಿಂದ ಹೊರಗೆ ನಿಲ್ಲಿಸಿ ಒಳಗೆ ಸುದ್ದಿ ಕಳಿಸಿದ. ಗೇಟಿನಲ್ಲಿ ಯಾರಾದರೂ ಹಾಳೆ ತಿರುಗಿಸಿಯಾರು ಎಂಬುದು ಒಂದೂವರೆ ತಿಂಗಳಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ನಾನು ರಸ್ತೆ ದಾಟುವಷ್ಟರಲ್ಲಿ ಕೇಂದ್ರದ ಮುಖ್ಯಸ್ಥೆ ಬಂದಿದ್ದರು. ನೀಳವಾದ ಮುಖ, ಕೈಯಲ್ಲಿ ಗಂಟೆ ಹೊಡೆಯುವ ಮರದ ಸುತ್ತಿಗೆ. ಸಮಯ ಒಂಬತ್ತು ನಲವತ್ತೆಂಟು.

"ಗಲಾಟೆ ಮಾಡೋಕೆ ಬಂದಿದ್ದೀರಾ? ಯಾರು ಬರೆದದ್ದು ಇದು?" ಎಂದು ಅವರು ಆರು ಜನರನ್ನು ಕೇಳಿದರು.

ದರ್ಜಿ ತನ್ನ ಚಪ್ಪಲಿ ನೋಡಿದ. ಕಂಡಕ್ಟರ್ ಆಕಾಶ ನೋಡಿದ. ಚಿಕ್ಕಮ್ಮ ಮುಖ್ಯಸ್ಥೆಯ ಮುಖವನ್ನೇ ನೋಡುತ್ತಾ ತುಟಿ ಬಿಗಿದುಕೊಂಡು ನಿಂತಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ ಎಂದು.

"ನಾನು" ಎಂದೆ.

ಅವರು ನನ್ನ ಕಡೆ ತಿರುಗಿದರು. "ಇವರು ಬಹಿಷ್ಕಾರಕ್ಕೆ ಬಂದವರಾ?"

"ಅಲ್ಲ. ಪರೀಕ್ಷೆ ಬರೆಯೋಕೆ ಬಂದವರು."

"ಮತ್ತೆ ಇದು ಯಾಕೆ ಇವರ ಕೈಯಲ್ಲಿ?"

"ತಾರೀಖು ತಪ್ಪಿತು, ಹಾಳೆ ಉಳೀತು. ಹಿಂದಿನ ಪುಟದಲ್ಲಿ ಇವರಿಗೆ ಪಾಠ ಬರೆದುಕೊಟ್ಟೆ. ಇವರು ಓದ್ತಿದ್ದದ್ದು ಆ ಪುಟ."

ಅವರು ಹಾಳೆ ತಿರುಗಿಸಿದರು. ಪದಬಂಧ ನೋಡಿದರು. ತುಟಿ ಅಲ್ಲಾಡಿಸುತ್ತಾ ಒಂದು ಸುಳಿವು ಓದಿಕೊಂಡರು. "ಪಾಳಿ ಮುಗಿದಾಗ ಮುಂದಿನವಳಿಗೆ ಹೇಳೋದು... ಇದು 'ತಿಳಿಸಿ'ನಾ?"

"ನಾಲ್ಕು ಚೌಕ ಇದೆ ಮೇಡಂ" ಎಂದ ಕಂಡಕ್ಟರ್, ತಡೆಯಲಾರದೆ. "ಸಂಕ್ಷೇಪಿಸಿ."

ಮುಖ್ಯಸ್ಥೆ ಮತ್ತೆ ಈ ಕಡೆ ತಿರುಗಿಸಿದರು. ದಿನಾಂಕದ ಮೇಲೆ ಬೆರಳಿಟ್ಟರು. "ಏಪ್ರಿಲ್ ಮೂವತ್ತೊಂದು?"

"ಹೌದು."

"ಸರಿ. ಅವತ್ತು ಎಲ್ಲರೂ ಬಹಿಷ್ಕರಿಸಿ. ಇವತ್ತು ಒಳಗೆ ನಡೀರಿ."

ಆರು ಜನ ಒಳಗೆ ಹೋದರು. ಒಂಬತ್ತು ಐವತ್ತಾರು. ಮೆಟ್ಟಿಲ ಬಳಿ ಚಿಕ್ಕಮ್ಮ ಒಂದು ಕ್ಷಣ ನಿಂತಳು. ಮೊಣಕಾಲಿಗೋ ಎಂದುಕೊಂಡೆ. ತಿರುಗಿ ನನ್ನನ್ನು ನೋಡಿ, ಬಾಯಲ್ಲೇ ಒಂದು ಸೀಟಿ ಊದಿ, ಹತ್ತಿದಳು.

"ನೀವು ಮಾತ್ರ ಆಫೀಸಿಗೆ ಬನ್ನಿ, ಬರವಣಿಗೆಯಲ್ಲಿ ಕೊಡಿ" ಎಂದರು ಮುಖ್ಯಸ್ಥೆ. ಬರೆದುಕೊಟ್ಟೆ. ಐದು ಸಾಲು. ಅವರು ಅದನ್ನು ಫೈಲಿಗೆ ಹಾಕಿ ಹೆಡ್‌ಮಾಸ್ತರಿಗೆ ಫೋನ್ ಮಾಡಿದರು. ಕಿಟಕಿಯಿಂದ ನೋಡಿದರೆ ಕನ್ನಡಕ ಹತ್ತು ಗಂಟೆ ಹತ್ತು ನಿಮಿಷಕ್ಕೆ ಓಡುತ್ತಾ ಬಂದು, ಮುಚ್ಚಿದ ಗೇಟಿನ ಮುಂದೆ ನಿಂತು, ಕನ್ನಡಕ ಒರೆಸುತ್ತಿದ್ದ.

ಈಗ ಆತ್ಮವಿಚಾರಣೆ. ನನಗೆ ನನ್ನ ಮೇಲೇ ಬೇಸರವಾಗಿದೆ. ಗೇಟಿನ ಮುಂದೆ ಇನ್ನೂರು ಜನ ನಿಂತು ಕೇಳುತ್ತಿದ್ದರು. ಇಂಥ ಅವಕಾಶಕ್ಕಾಗಿ ಎರಡು ವರ್ಷದಿಂದ ಕಾದಿದ್ದೆ. ಹದಿನಾಲ್ಕು ಕಿರುಹೊತ್ತಿಗೆ ಓದಿದವಳು, ಕೇಳಿದ್ದಕ್ಕೆ ಅಷ್ಟಷ್ಟೇ ಹೇಳಿ ಮುಗಿಸಿಬಿಟ್ಟೆ. ಒಂದು ಭಾಷಣವೂ ಮಾಡಲಿಲ್ಲ. ಹೆದರಿಕೆಯೇ ಇರಬೇಕು. ಮುಂದೆ ತಿದ್ದಿಕೊಳ್ಳಬೇಕು.

ಏಪ್ರಿಲ್ ೨೨, ಮಂಗಳವಾರ

ಹೆಡ್‌ಮಾಸ್ತರು ಕರೆಸಿದರು. ತರಗತಿಯಿಂದ ತೆಗೆಯುತ್ತಾರೆ ಎಂದು ಪುಸ್ತಕಗಳನ್ನು ಕಟ್ಟಿಕೊಂಡೇ ಹೋದೆ.

"ಕರಪತ್ರದ ವಿಷಯ ಆಮೇಲೆ ಮಾತಾಡೋಣ" ಎಂದರು. "ಐದೇ ಸಾಲಲ್ಲಿ ಬರೆದುಕೊಟ್ರಂತೆ. ಅದು ನೀವೇನಾ?"

"ಹೌದು."

ಇನ್ನೂ ಏನೋ ಬರುತ್ತದೆ ಎಂದು ಅವರು ಕಾದರು. ನಾನೂ ಕಾದೆ. ಕೊನೆಗೆ, "ಜೂನ್‌ನಲ್ಲಿ ಹೊಸ ತಂಡ. ಬರ್ತೀರಾ?" ಎಂದರು.

"ಬರ್ತೀನಿ."

ಮೇ ೨೪, ಶನಿವಾರ

ಫಲಿತಾಂಶ. ಚಿಕ್ಕಮ್ಮ: ಐವತ್ತೆರಡು.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಅಂಕಪಟ್ಟಿಯನ್ನು ಮೂರು ಸಲ ಓದಿದಳು. ಉಗ್ರಾಣದ ಹುದ್ದೆಗೆ ಅರ್ಜಿಯನ್ನು ಮೊದಲೇ ತುಂಬಿಸಿಟ್ಟಿದ್ದಳು. ಅಂಕದ ಜಾಗ ಮಾತ್ರ ಖಾಲಿ ಇತ್ತು. ಅಲ್ಲೇ ತೊಡೆಯ ಮೇಲಿಟ್ಟು ತುಂಬಿದಳು. ಅಳುತ್ತೀಯಾ ಎಂದು ಕೇಳಿದೆ. "ಎರಡು ಸ್ಟಾಪು ಅತ್ತು ಮುಗೀತು, ನೀನು ಆಮೇಲೆ ಬಂದೆ" ಎಂದಳು.

ದರ್ಜಿ ಪಾಸು. ಉಳಿದ ಮೂವರೂ ಪಾಸು. ಕಂಡಕ್ಟರ್ ಸಮಾಜ ವಿಜ್ಞಾನದಲ್ಲಿ ಎಲ್ಲರಿಗಿಂತ ಹೆಚ್ಚು, ಅರವತ್ತೊಂದು, ಆದರೆ ಗಣಿತದಲ್ಲಿ ಹೋಗಿದ್ದಾನೆ. "ಅದಕ್ಕೆ ಪದಬಂಧ ಇಲ್ವಾ ಮಿಸ್ಸು?" ಎಂದು ಕೇಳಿದ. ಮಗಳಿಗೆ ಅರವತ್ತೊಂದನ್ನು ಮಾತ್ರ ತೋರಿಸಿದ್ದಾನಂತೆ.

ಜೂನ್ ೯, ಸೋಮವಾರ

ಚಿಕ್ಕಮ್ಮ ಇವತ್ತು ಉಗ್ರಾಣದಲ್ಲಿ ಮೊದಲ ದಿನ ಕೂತು ಬಂದಳು. ಕುರ್ಚಿ ಹೇಗಿದೆ ಎಂದೆ. "ಒಂದು ಕಾಲು ಗಿಡ್ಡ" ಎಂದಳು, ಬಹಳ ಸಂತೋಷದಿಂದ.

ಹೊಸ ತಂಡಕ್ಕೆ ಇಂದೇ ಪಾಠ ಶುರುವಾಯಿತು. ಒಂಬತ್ತು ಜನ. ಗಣಿತಕ್ಕೆ ಕೂತಿರುವ ಕಂಡಕ್ಟರ್ ಅವರಿಗೆ ಸೀಟಿಯ ಕ್ರಮ ವಿವರಿಸಿದ. ನಾನು ಸುಳಿವುಗಳನ್ನು ಅವರಿಂದಲೇ ಬರೆಸಿಕೊಂಡೆ. ಕನ್ನಡಕ ಮೂಲೆಯಲ್ಲಿ ಕೂತು ಚೌಕ ಹಾಕಿಕೊಟ್ಟ. ಈ ಸಲ ಹೊಸ, ಖಾಲಿ ಹಾಳೆಗಳಲ್ಲಿ.

ಮನೆಗೆ ಬಂದರೆ ನನ್ನ ಬಿಸ್ಕತ್ತಿನ ಡಬ್ಬಿಯ ಮೇಲೆ ಒಂದು ಹಳೆಯ ಹಾಳೆ. ಏಪ್ರಿಲ್ ಮೂವತ್ತೊಂದರ ಕರಪತ್ರ. ಹಿಂದೆ ಚಿಕ್ಕಮ್ಮ ಸ್ವಂತ ಕೈಯಲ್ಲಿ ಒಂದು ಪದಬಂಧ ಮಾಡಿದ್ದಾಳೆ, ಪೂರ್ತಿ ನನಗಾಗಿ. ಒಂದು ಸುಳಿವು ಬಿಟ್ಟು ಎಲ್ಲ ಸುಲಭವಾಗಿತ್ತು, ಬಿಡಿಸಿದೆ. ಉಳಿದದ್ದು ಇದು:

"ಗೇಟಿನಲ್ಲಿ ನಮ್ಮ ಭಾಷಣದಮ್ಮ ಮಾಡಿದ ಎಲ್ಲಕ್ಕಿಂತ ಒಳ್ಳೇ ಭಾಷಣ. (೨)"

ಅರ್ಧ ಗಂಟೆ ಕೂತೆ. ಸುಳಿವೇ ತಪ್ಪಾಗಿದೆ. ಅವತ್ತು ಗೇಟಿನಲ್ಲಿ ನಾನು ಭಾಷಣವನ್ನೇ ಮಾಡಲಿಲ್ಲ, ಅದಕ್ಕಾಗಿ ಇದೇ ದಿನಚರಿಯಲ್ಲಿ ನನ್ನನ್ನು ನಾನೇ ಬೈದುಕೊಂಡಿದ್ದೇನೆ. ಮೇಲಾಗಿ ಎರಡು ಚೌಕಕ್ಕೆ ಹಿಡಿಯುವ ಭಾಷಣ ಯಾವುದಿರುತ್ತದೆ? ಆ ಎರಡು ಚೌಕ ಖಾಲಿ ಬಿಟ್ಟಿದ್ದೇನೆ. ಸುಳಿವು ತಿದ್ದಲು ಚಿಕ್ಕಮ್ಮನಿಗೆ ಹೇಳಬೇಕು.

ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಬಂದೆ.